ಇದು ನನ್ನ ಕೈಯಲ್ಲ

ಗರ್ಭಕೋಶವೆಂದರೆ ಸುಮ್ಮನೆ ಮಲಗಿರುವ ಚೀಲ ಎಂದುಕೊಂಡವರು ಒಮ್ಮೆ ನನ್ನ ಕೋಣೆಗೆ ಬರಬೇಕು. ಮುಟ್ಟಿನ ದಿನಗಳಲ್ಲಿ ಅದು ಮೇಲಿನಿಂದ ಕೆಳಕ್ಕೆ ಅಲೆಯೆಬ್ಬಿಸಿ ಎಲ್ಲವನ್ನೂ ಹೊರಗೆ ತಳ್ಳುತ್ತದೆ. ಅಂಡ ಬಿಡುಗಡೆಯಾಗುವ ಹೊತ್ತಿಗೆ ಅಲೆಗಳ ದಿಕ್ಕು ತಿರುಗುತ್ತದೆ; ಕೆಳಗಿನಿಂದ ಮೇಲಕ್ಕೆ, ನಿಮಿಷಕ್ಕೆ ನಾಲ್ಕೈದು. ಆಮೇಲೆ ಎಲ್ಲ ತಣ್ಣಗಾಗಬೇಕು, ನಿಮಿಷಕ್ಕೆ ಮೂರಕ್ಕಿಂತ ಕಡಿಮೆ. ತಣ್ಣಗಾದ ಮೇಲೆಯೇ, ಪ್ರಯೋಗಾಲಯದಲ್ಲಿ ಬೆಳೆಸಿದ ಭ್ರೂಣವನ್ನು ಒಳಗೆ ಬಿಡುವುದು. ಈ ಅಲೆಗಳು ಎಷ್ಟು ನಿಧಾನವೆಂದರೆ ನೇರ ನೋಡಿದರೆ ಗೊತ್ತೇ ಆಗುವುದಿಲ್ಲ. ಅದಕ್ಕೆ ಸ್ಕ್ಯಾನಿಂಗ್ ಚಿತ್ರವನ್ನು ಹತ್ತು ಪಟ್ಟು ವೇಗದಲ್ಲಿ ಒಂದು ನಿಮಿಷ ಓಡಿಸಿ, ಅಲೆಗಳನ್ನು ಎಣಿಸಿ, ಹತ್ತರಿಂದ ಭಾಗಿಸುತ್ತೇನೆ. ಕಿರ್ಗಿಜ್‌ಸ್ತಾನದ ಓಶ್ ಪಟ್ಟಣದ ಈ ಆಸ್ಪತ್ರೆಯಲ್ಲಿ ಹನ್ನೊಂದು ವರ್ಷದಿಂದ ಇದೇ ನನ್ನ ಕೆಲಸ.

ಹೊಟ್ಟೆ ಮುಟ್ಟುವ ಮುಂಚೆ ನಮ್ಮ ಕಿರ್ಗಿಜ್ ಹೆಂಗಸರು ಒಂದು ಮಾತು ಹೇಳುತ್ತಾರೆ: 'ಇದು ನನ್ನ ಕೈಯಲ್ಲ, ಉಮಾಯ್ ತಾಯಿಯ ಕೈ.' ಮಕ್ಕಳನ್ನು ಕಾಯುವವಳು ಅವಳು. ಸೂಲಗಿತ್ತಿಯಾಗಿದ್ದ ಅಜ್ಜಿಯಿಂದ ನನಗೂ ಅಭ್ಯಾಸ ಬಂತು. ಡಾಕ್ಟರು ನಗುತ್ತಾರೆ, ನಗಲಿ.

ಮಾರ್ಚಿನಲ್ಲಿ ಬುರುಲ್ ಬಂದಳು. ಅವಳಿಗೆ ಉಳಿದಿದ್ದದ್ದು ಎರಡೇ ಭ್ರೂಣ. ಇಪ್ಪತ್ತೈದು ಅಲೆ ಎಣಿಸಿದೆ, ನಿಮಿಷಕ್ಕೆ ಎರಡೂವರೆ. 'ಶಾಂತ' ಎಂದು ಬರೆದೆ. ಒಂದನ್ನು ಬಿಟ್ಟರು, ನಿಲ್ಲಲಿಲ್ಲ. ವಾರ ಕಳೆದ ಮೇಲೆ ನನ್ನ ಎಡವಟ್ಟು ಕಂಡಿತು. ಅವಳ ಸ್ಕ್ಯಾನಿಂಗಿನ ಹಿಂದಿನ ದಿನ ಯಾರಿಗೋ ನಿಧಾನವಾಗಿ ತೋರಿಸಲೆಂದು ವೇಗವನ್ನು ಐದಕ್ಕೆ ಇಳಿಸಿದ್ದೆ, ಮತ್ತೆ ಏರಿಸಿರಲಿಲ್ಲ. ಇಪ್ಪತ್ತೈದನ್ನು ಭಾಗಿಸಬೇಕಿದ್ದದ್ದು ಐದರಿಂದ, ಅಂದರೆ ನಿಮಿಷಕ್ಕೆ ಐದು ಅಲೆ.

ಅಂದಿನಿಂದ ಆ ಅಲೆಗಳು ನನ್ನನ್ನು ಬಿಟ್ಟಿಲ್ಲ. ಊಟದ ಬಿಡುವಿನಲ್ಲಿ ಬಾಗಿಲು ಹಾಕಿಕೊಂಡು ಅದೇ ಚಿತ್ರ ಓಡಿಸುತ್ತೇನೆ. ಬಟ್ಟಲಲ್ಲಿ ಚಹಾ ಅಲುಗಿದರೆ ಎಣಿಸುತ್ತೇನೆ. ಕಿಟಕಿಯ ಪರದೆ ಉಬ್ಬಿ ಇಳಿದರೆ ಎಣಿಸುತ್ತೇನೆ. ಯಾರಿಗೂ ಹೇಳಿಲ್ಲ. ಹೆದರಿಕೆ, ಇನ್ನೇನು.

ಇವತ್ತು ಕೊನೆಯ ಭ್ರೂಣಕ್ಕಾಗಿ ಬುರುಲ್ ಮತ್ತೆ ಬಂದು ಮಲಗಿದಳು.

"ನೀವೇ ನೋಡ್ಬೇಕು ಅಂತ ಹಟ ಹಿಡ್ದೆ ಅಕ್ಕಾ. ನಿಮ್ಮ ಕೈಗುಣ ಒಳ್ಳೇದು."

"ಹೋದ್ಸಲ ಏನಾಯ್ತು ಗೊತ್ತಲ್ಲ."

"ಅದು ನನ್ನ ತಪ್ಪು. ಮನೆಗೆ ಹೋದ್ಮೇಲೆ ಬೋರ್ಸೊಕ್ ಕರಿಯೋಕೆ ಅಂತ ಒಂದು ಬೋಗುಣಿ ಹಿಟ್ಟು ನಾದ್ಬಿಟ್ಟೆ. 'ಮಗು ಬೇಕಿತ್ತೋ, ಬೋರ್ಸೊಕ್ ಬೇಕಿತ್ತೋ' ಅಂತ ಅತ್ತೆ ಇವತ್ತಿಗೂ ಆಡ್ತಾರೆ. ಈ ಸಲ ಲೋಟ ಕೂಡ ಎತ್ತಿಲ್ಲ ನಾನು."

ಹೇಳಿ ನಕ್ಕಳು. ಆ ನಗುವನ್ನು ನನ್ನಿಂದ ತಾಳಲಾಗಲಿಲ್ಲ. ಚಾಚಿದ ಕೈ ಅವಳ ಹೊಟ್ಟೆ ಮುಟ್ಟುವ ಮುಂಚೆಯೇ ನಿಂತಿತು. ಉಮಾಯ್ ತಾಯಿಯ ಹೆಸರು ಹೇಳಲಿಲ್ಲ.

"ಇದು ನನ್ನ ಕೈಯೇ, ಬುರುಲ್. ಆವತ್ತೂ ನನ್ನ ಕೈಯೇ."

ವೇಗದ ವಿಷಯ ಹೇಳಿದೆ. ಐದು ಅಲೆಯ ವಿಷಯ ಹೇಳಿದೆ. "ಅದರಿಂದ್ಲೇ ಹೋಯ್ತು ಅಂತ ಯಾರೂ ಹೇಳಕ್ಕಾಗಲ್ಲ. ಆದ್ರೆ ಆವತ್ತು ಬಿಡಬೇಡಿ ಅಂತ ನಾನು ಹೇಳ್ಬೇಕಿತ್ತು."

ಅವಳು ನನ್ನ ಮಣಿಕಟ್ಟು ಹಿಡಿದಳು.

"ಹಿಟ್ಟಿಂದಲ್ಲ?"

"ಅಲ್ಲ."

ಕಣ್ಣೀರು ಕಿವಿಯತ್ತ ಇಳಿಯಿತು. ಅವಳು ಒರೆಸಿಕೊಳ್ಳಲಿಲ್ಲ. "ಅತ್ತೆ ಹೊರಗೇ ಕೂತಿದ್ದಾರೆ. ನೀವೇ ಹೇಳ್ಬೇಕು. ಈಗ ಓಡ್ಸಿ, ನಾನೂ ಎಣಿಸ್ತೀನಿ."

ವೇಗ ಹತ್ತು ಪಟ್ಟು ಇದೆಯೆಂದು ಅವಳಿಗೇ ತೋರಿಸಿದೆ. ಇಬ್ಬರೂ ಬಾಯಿಬಿಟ್ಟು ಎಣಿಸಿದೆವು. ನಿಮಿಷ ಮುಗಿದಾಗ ಹದಿಮೂರು, ಅಂದರೆ ನಿಮಿಷಕ್ಕೆ ಒಂದು ಚಿಲ್ಲರೆ. ಇದು ನಿಜವಾದ ಶಾಂತ. ಆದರೂ ಬರೆಯುವ ಮುಂಚೆ ವೇಗವನ್ನು ಇನ್ನೊಮ್ಮೆ ನೋಡಿದೆ.

ಬಾಗಿಲು ತೆರೆದೆ. ಬೆಂಚಿನ ಮೇಲಿದ್ದ ಅತ್ತೆ ಎದ್ದು ಬಂದು ಬಟ್ಟೆಯ ಗಂಟೊಂದನ್ನು ಮುಂದೆ ಹಿಡಿದರು. ಒಳಗಿನ ಬೋರ್ಸೊಕ್‌ನಿಂದ ಇನ್ನೂ ಹಬೆ ಏಳುತ್ತಿತ್ತು.

"ತಗೋ ಮಗಳೇ, ನಿನಗೇ ಅಂತ ತಂದೆ. ಈ ಸಲ ಹಿಟ್ಟು ನಾನೇ ನಾದಿದ್ದು."

ನಾನು ಕೈ ಚಾಚಲಿಲ್ಲ.

"ಮೊದ್ಲು ನಾನು ಹೇಳೋದು ಕೇಳಿ, ಅಮ್ಮಾ," ಎಂದೆ.