ತಡವಾಗಿ ತಿರುಗುವ ಚುಕ್ಕಾಣಿ

ಈ ಕಥೆಯನ್ನು ಮೊದಲು ಹೇಳಿದವರು ನ್ಯೂಫೌಂಡ್‌ಲ್ಯಾಂಡಿನ ದಕ್ಷಿಣ ಕರಾವಳಿಯ ಸ್ಪ್ಲಿಟ್ ರಾಕ್ ಕೋವ್ ಎಂಬ ಊರಿನ ಡಲ್ಸಿ ಕೀಪಿಂಗ್. ಏಡಿಯ ಹಂಗಾಮು ಮುಗಿದು, ಜೌಗಿನಲ್ಲಿ ಹಣ್ಣು ಕೀಳುವ ದಿನಗಳು ಶುರುವಾಗಿದ್ದ ಆಗಸ್ಟಿನ ಒಂದು ಮಧ್ಯಾಹ್ನ, ಅಗ್ನಿಶಾಮಕ ದಳದ ಸಭಾಂಗಣದಲ್ಲಿ ಅವರು ಇದನ್ನು ಹೇಳಿದರು. ಸುತ್ತಲೂ ಗೋಣಿಬಟ್ಟೆಗೆ ಉಣ್ಣೆಯ ಚಿಂದಿಯನ್ನು ಕೊಕ್ಕೆಯಿಂದ ಎಳೆದೆಳೆದು ನೆಲಹಾಸು ಮಾಡುತ್ತಿದ್ದ ಹೆಂಗಸರಿದ್ದರು. ಪಕ್ಕದ ಕೊಲ್ಲಿಯಲ್ಲಿ ಇದರ ಇನ್ನೊಂದು ಪಾಠವೂ ಪ್ರಚಾರದಲ್ಲಿದೆ; ಅದರಲ್ಲಿ ಅಪ್ಪನಾದ ಸೆಲ್ಬಿ ತನ್ನ ಟೊಪ್ಪಿಗೆಯೊಳಗೇ ಕಕ್ಕಿಕೊಳ್ಳುತ್ತಾನೆ. ಡಲ್ಸಿ ಅತ್ತೆ ಅದನ್ನು ಒಪ್ಪಲಿಲ್ಲ. "ಸೆಲ್ಬಿ ನನ್ನ ತಮ್ಮ. ನಾನು ಅದೇ ಕೋಣೇಲಿ ಕೂತಿದ್ದೆ. ಟೊಪ್ಪಿಗೆಗೆ ಏನೂ ಆಗಿರ್ಲಿಲ್ಲ" ಎಂದರು. ಊರಿನ ಚಿಕಿತ್ಸಾಲಯದವರು ವಾಕರಿಕೆಯ ಕುರಿತ ಕರಪತ್ರಕ್ಕೆಂದು ಕೇಳಿದಾಗ ಕೊಟ್ಟದ್ದೂ ಅವರ ಪಾಠವನ್ನೇ.

ಸೆಲ್ಬಿ ಪಾರ್ಡಿ ಏಡಿ ಹಿಡಿಯುವ ಬೋಟಿನ ಯಜಮಾನ. ಊರಿಗೆಲ್ಲ ಅವನು ಸ್ಕಿಪ್ಪರ್. ಬೋಟಿನಲ್ಲಿದ್ದ ಒಬ್ಬ ದೂರದ ಆಲ್ಬರ್ಟಾ ಪ್ರಾಂತ್ಯದ ಕಡೆಗೆ ಕೆಲಸಕ್ಕೆ ಹೋದದ್ದರಿಂದ ಆ ವರ್ಷ ಒಂದು ಜಾಗ ಖಾಲಿಯಾಗಿತ್ತು. ಮಗಳು ಕೆಂಡ್ರಾ, ಹತ್ತೊಂಬತ್ತರವಳು, ಆ ಜಾಗ ತನಗೆ ಬೇಕೆಂದು ಕೇಳಿದ್ದಳು. ಕೊಲ್ಲಿಯೊಳಗೆ ಚಿಕ್ಕ ದೋಣಿ ನಡೆಸಿ ಅವಳಿಗೆ ಗೊತ್ತಿತ್ತು. ದಡ ಕಾಣದಷ್ಟು ದೂರಕ್ಕೆ ಹೋದವಳಲ್ಲ. ಆದರೂ ಅಪ್ಪ ಹೂಂ ಎಂದಿದ್ದ.

ಮಾರ್ಚಿನ ಒಂದು ಭಾನುವಾರ, ಉಪ್ಪುಮಾಂಸ, ಎಲೆಕೋಸು, ಬಟಾಣಿಯ ಊಟ ಮುಗಿದ ಮೇಲೆ, ಕೆಂಡ್ರಾ ಮನೆಯ ಹಳೆಯ ಕಂಪ್ಯೂಟರನ್ನು ಟಿವಿಗೆ ಜೋಡಿಸಿ ಹೊಸ ಆಟವೊಂದನ್ನು ಹಾಕಿದಳು. ಬಿರುಗಾಳಿಯಲ್ಲಿ ಮೀನುಗಾರರ ಬೋಟನ್ನು ನಡೆಸಿ, ಊರಿಗೆ ತಂದು, ಬೋಟು ನಿಲ್ಲುವ ಕಟ್ಟೆಯಾದ ಧಕ್ಕೆಗೆ ಕಟ್ಟುವ ಆಟ ಅದು.

"ಅಪ್ಪ, ನೀರು ನೋಡು! ನೊರೆ ಕೂಡ ಒಂದೊಂದೇ ಗುಳ್ಳೆ ಕಾಣ್ಸತ್ತೆ."

"ನೀರೇನೋ ನೀರಿನ ಹಾಗೇ ಇದೆ. ಬೋಟು ಮಾತ್ರ ಕುಡಿದವನ ಹಾಗೆ ಹೋಗ್ತಿದೆ" ಎಂದ ಸೆಲ್ಬಿ.

ಬೋಟು ಮತ್ತೆ ಮತ್ತೆ ಹೋಗಿ ಧಕ್ಕೆಗೆ ಗುದ್ದಿತು. ಸೆಲ್ಬಿಯ ಬೋಟಿನಲ್ಲೇ ದುಡಿಯುವ, ಅವನ ಹೆಂಡತಿಯ ತಮ್ಮ ಗಾರ್ಲ್ಯಾಂಡ್ ಕುರ್ಚಿಯಲ್ಲಿ ಒರಗಿ ನಗುತ್ತಿದ್ದ. "ಆ ಧಕ್ಕೆ ನಿಂಗೇನು ಮಾಡಿತ್ತೇ ಹುಡುಗಿ? ಇನ್ನೊಂದ್ಸಲ ಗುದ್ದಿದ್ರೆ ಸರ್ಕಾರದವರೇ ಬಂದು ಕೇಳ್ತಾರೆ."

ಕೆಂಡ್ರಾ ನಗಲಿಲ್ಲ. ಅವಳ ತುಟಿ ಬಿಳಿಚಿತ್ತು, ಹಣೆಯ ಮೇಲೆ ಬೆವರಿತ್ತು. ಕೈಯಲ್ಲಿದ್ದ ಆಟದ ಕಂಟ್ರೋಲರನ್ನು ಅಲ್ಲೇ ಬಿಟ್ಟು ಅಡುಗೆಮನೆಯ ತೊಟ್ಟಿಯ ಕಡೆ ಓಡಿದಳು. ಅವಳು ಕಕ್ಕುವ ಸದ್ದು ಕೋಣೆಯಲ್ಲಿದ್ದ ಎಲ್ಲರಿಗೂ ಕೇಳಿಸಿತು. ಗಾರ್ಲ್ಯಾಂಡನ ನಗು ನಿಂತಿತು.

ಆ ಕರಾವಳಿಯಲ್ಲಿ ಒಂದು ರೂಢಿಯಿದೆ. ಕಡಲಿನಲ್ಲಿ ಯಾರಿಗಾದರೂ ಹೊಟ್ಟೆ ತೊಳೆಸಿದರೆ ಅವರ ಕೈಗೆ ಚುಕ್ಕಾಣಿ ಕೊಡುತ್ತಾರೆ. ಬೋಟು ಯಾವ ಕಡೆ ವಾಲುತ್ತದೆಂದು ಮೊದಲೇ ತಿಳಿದವನಿಗೆ ವಾಕರಿಕೆ ತಂತಾನೇ ಇಳಿಯುತ್ತದೆ. ಬಾಧೆಯೆಲ್ಲ ಒಳಗೆ ಮಲಗಿದವನಿಗೆ. ಈ ಮಾತನ್ನು ಅಲ್ಲಿ ಯಾರೂ ಸಂಶಯಿಸುವುದಿಲ್ಲ. ಸಂಶಯಿಸಲು ಕಾರಣವೂ ಇಲ್ಲ. ಸೆಲ್ಬಿ ತಪ್ಪಿದ್ದು ಈ ನಿಜವಾದ ಮಾತಿನಿಂದಲೇ.

"ಚುಕ್ಕಾಣಿ ಕೈಲಿದ್ದೂ ಹೊಟ್ಟೆ ತೊಳೆಸಿದ್ರೆ ಅದಕ್ಕೆ ಮದ್ದಿಲ್ಲ" ಎಂದ.

"ಅದು ಟಿವಿ, ಸೆಲ್ಬಿ!" ಎಂದಳು ಹೆಂಡತಿ ರೋಡಾ.

"ಗಟ್ಟಿ ನೆಲದ ಮೇಲೆ, ಸೋಫಾದಲ್ಲಿ ಕೂತೇ ಹೀಗಾದ್ರೆ ಹೊರಗಿನ ಅಲೇಲಿ ಏನ್ಮಾಡ್ತಾಳೆ? ಒಬ್ರಿಗೋಸ್ಕರ ಅರ್ಧದಾರೀಲಿ ಬೋಟು ತಿರುಗಿಸೋಕಾಗಲ್ಲ. ಒಬ್ರು ಮಲಗಿದ್ರೆ ಆ ಕೆಲಸಾನೂ ಉಳಿದವರೇ ಮಾಡ್ಬೇಕು. ಸುಸ್ತಾದ ಕೈಯೇ ಕಣೇ ಹಗ್ಗಕ್ಕೆ ಸಿಕ್ಕೋದು."

ಅದು ಕೋಪದ ಮಾತಲ್ಲ, ಭಯದ ಮಾತು. ಆದ್ದರಿಂದಲೇ ಎದುರಾಡುವುದು ಕಷ್ಟವಾಯಿತು. ಮರುದಿನ ಅವನು ಪಕ್ಕದ ಮನೆಯ ವಾಲ್ಟ್‌ನನ್ನು ಆ ಜಾಗಕ್ಕೆ ಬರುತ್ತೀಯಾ ಎಂದು ಕೇಳಿದ. ವಾಲ್ಟ್ ಯೋಚಿಸಿ ಹೇಳುತ್ತೇನೆಂದ.

ಕೆಂಡ್ರಾ ಅಳುತ್ತ ಕೂರುವ ಜಾತಿಯವಳಲ್ಲ. ಕಡಲಿಗೆ ಮೈ ಪಳಗುವ ಹಾಗೆ ಇದಕ್ಕೂ ಪಳಗಬೇಕೆಂದು ದಿನವೂ ಆ ಆಟಕ್ಕೆ ಕೂತಳು. ಬಾಯಲ್ಲಿ ಶುಂಠಿ, ಪಕ್ಕದಲ್ಲಿ ಬಕೆಟ್ಟು. ಆದರೆ ದಿನ ಕಳೆದಂತೆ ಹೊಟ್ಟೆ ಇನ್ನೂ ಬೇಗ ತಿರುಗತೊಡಗಿತು. ಕೊನೆಗೆ ಟಿವಿ ಹಚ್ಚುವ ಮೊದಲೇ ಬಾಯಲ್ಲಿ ನೀರು ಒಸರುತ್ತಿತ್ತು. "ಅಪ್ಪ ಹೇಳಿದ್ದು ನಿಜ ಅನ್ಸತ್ತೆ ಅತ್ತೆ. ನನ್ನ ಮೈಯೇ ಹೀಗೇನೋ" ಎಂದು ಡಲ್ಸಿಯ ಮುಂದೆ ಹೇಳಿಕೊಂಡಳಂತೆ. ಆ ಮಾತು ಕೇಳಿದ ಮೇಲೆ ರೋಡಾ ಮತ್ತು ಡಲ್ಸಿ ಕೂಡಿ ಚಿಕಿತ್ಸಾಲಯದ ನರ್ಸ್ ಮೇವಿಸ್ ಕೋಲಿಯರಳನ್ನು ಚಹಾಕ್ಕೆ ಕರೆದರು.

ಮೇವಿಸ್ ಬಕೆಟ್ಟನ್ನು ನೋಡಿದಳು, ಕೆಂಡ್ರಾಳನ್ನು ನೋಡಿದಳು.

"ವಾಂತಿ ಬಂದ್ರೂ ಆಡ್ತಿದ್ದೀಯಾ? ಯಾರು ಹೇಳಿದ್ರಮ್ಮ ನಿಂಗೆ?"

"ಯಾರೂ ಇಲ್ಲ. ಪಳಗೋದು ಹಾಗೇ ಅಲ್ವಾ?"

"ಕಡಲಿಗೆ ಹಾಗೆ. ಇದಕ್ಕಲ್ಲ ಬಂಗಾರಿ. ನಾನೂ ಆಡ್ತೀನಿ, ಕೆಲಸ ಮುಗಿಸಿ ಬಂದ್ಮೇಲೆ. ಒಂದ್ಸಲ ನಮ್ಮನೆ ತೊಟ್ಟೀಗೂ ಇದೇ ಗತಿ ಆಗಿತ್ತು. ಎಲ್ಲಿ, ಹಾಕು ನೋಡೋಣ."

ಸೆಲ್ಬಿ ಬಾಗಿಲಲ್ಲಿ ಚಹಾದ ಲೋಟ ಹಿಡಿದು ನಿಂತಿದ್ದ. ಒಳಗೆ ಬರಲಿಲ್ಲ, ಹೊರಗೂ ಹೋಗಲಿಲ್ಲ.

ಮೇವಿಸ್ ಏನನ್ನೋ ಒತ್ತಿದಳು. ಪರದೆಯ ಮೂಲೆಯಲ್ಲಿ ಒಂದು ಅಂಕಿ ಮೂಡಿತು. ಅದು ನಿಂತಲ್ಲಿ ನಿಲ್ಲುತ್ತಿರಲಿಲ್ಲ: ಇಪ್ಪತ್ತೆರಡು, ಮೂವತ್ತೆಂಟು, ಹದಿನೇಳು.

"ಟಿವೀಲಿ ಓಡೋದು ಅಂದ್ರೆ ಬಿಡಿಬಿಡಿ ಚಿತ್ರಗಳ ಸಾಲು. ಒಂದೊಂದಕ್ಕೂ ಫ್ರೇಮ್ ಅಂತಾರೆ. ಸೆಕೆಂಡಿಗೆ ಅರವತ್ತು ಬಂದ್ರೆ ಕಣ್ಣಿಗೆ ನೀರು ಹರಿದ ಹಾಗೆ. ಇಲ್ಲಿ ಹದಿನೇಳಕ್ಕೆ ಇಳಿದಿದೆ. ಅಂದ್ರೆ ಎಡವಿ ಎಡವಿ ಬರ್ತಿದೆ."

"ಅದ್ರಿಂದ ಹೊಟ್ಟೆ ಯಾಕೆ ಕೆಡ್ಬೇಕು?" ಎಂದಳು ರೋಡಾ.

"ಕಿವಿಯೊಳಗೆ ಒಂದು ರಸಮಟ್ಟ ಇದೆ ರೋಡಾ. ನಾವು ವಾಲಿದ್ವಾ, ನೆಟ್ಟಗಿದೀವಾ ಅಂತ ಹೇಳೋದು ಅದೇ. ಕಣ್ಣು 'ಬೋಟು ವಾಲ್ತು' ಅನ್ನತ್ತೆ, ಕಿವಿ 'ಇಲ್ಲ, ಸೋಫಾದಲ್ಲೇ ಇದೀವಿ' ಅನ್ನತ್ತೆ. ಆ ಜಗಳದಲ್ಲಿ ಪೆಟ್ಟು ತಿನ್ನೋದು ಹೊಟ್ಟೆ. ಚಿತ್ರಾನೂ ಎಡವಿದ್ರೆ ಜಗಳ ಜೋರಾಗತ್ತೆ."

ಬಾಗಿಲಿನಿಂದ ಸೆಲ್ಬಿಯ ಮಾತು ಬಂತು. "ಹಾಗಾದ್ರೆ ಸಿನಿಮಾ? ಅದು ಸೆಕೆಂಡಿಗೆ ಇಪ್ಪತ್ನಾಕೇ ಅಂತ ಎಲ್ಲೋ ಕೇಳಿದೀನಿ. ಅಲ್ಲಿ ಯಾರೂ ಕಕ್ಕಲ್ವಲ್ಲ?"

"ಒಳ್ಳೆ ಪ್ರಶ್ನೆ ಸ್ಕಿಪ್ಪರ್. ಸಿನಿಮಾದಲ್ಲಿ ಅಂಕಿ ಹಾರಾಡಲ್ಲ, ಒಂದೇ ಸಮ ಇರತ್ತೆ. ಇನ್ನೊಂದು, ಸಿನಿಮಾಕ್ಕೆ ನಿಮ್ಮ ಕೈ ಏನೂ ಹೇಳಲ್ಲ. ಇಲ್ಲಿ ಕೈ ಹೇಳತ್ತೆ, ಕಣ್ಣು ಉತ್ತರಕ್ಕೆ ಕಾಯತ್ತೆ. ಬನ್ನಿ, ನೀವೇ ಹಿಡೀರಿ. ಆಟ ಆಡ್ಬೇಡಿ. ಚುಕ್ಕಾಣಿ ಮಾತ್ರ ನೋಡಿ."

"ನಂಗೆ ಆ ಮಕ್ಕಳಾಟ ಬೇಡ."

"ನಲವತ್ತು ವರ್ಷ ಕಡಲು ಕಂಡ ಸ್ಕಿಪ್ಪರಿಗೆ ಟಿವಿ ಅಂದ್ರೆ ಭಯಾನಾ?" ಎಂದರು ಡಲ್ಸಿ ಅತ್ತೆ. ತಮ್ಮನನ್ನು ಹೇಗೆ ಕೂರಿಸಬೇಕೆಂದು ಅಕ್ಕನಿಗೆ ಗೊತ್ತಿತ್ತು.

ಸೆಲ್ಬಿ ಕೂತ. ಎಡಕ್ಕೆ ಒತ್ತಿದ. ಬೋಟು ಸುಮ್ಮನಿತ್ತು, ಆಮೇಲೆ ಒಮ್ಮೆಗೇ ಹಾರಿ ತಿರುಗಿತು. ಸರಿಮಾಡಲು ಬಲಕ್ಕೆ ಒತ್ತಿದ. ಮತ್ತೆ ಸುಮ್ಮನೆ, ಮತ್ತೆ ಹಾರಿಕೆ. ಅವನ ಮುಖದಲ್ಲಿ ಆಟವಾಡುವವನ ಕಳೆ ಇರಲಿಲ್ಲ. ಕೆಟ್ಟ ಎಂಜಿನ್ನಿಗೆ ಕಿವಿಗೊಡುವವನ ಹಾಗೆ ತಲೆ ಓರೆಮಾಡಿ ಕೂತಿದ್ದ. ಸ್ವಲ್ಪ ಹೊತ್ತಿಗೆ ಅಂಗಿಯ ಕತ್ತುಪಟ್ಟಿ ಸಡಿಲಿಸಿಕೊಂಡು ಕಂಟ್ರೋಲರನ್ನು ಕೆಳಗಿಟ್ಟ.

"ಇದ್ರ ಚುಕ್ಕಾಣಿ ಸಡಿಲ ಇದೆ" ಎಂದ. "ಎಣ್ಣೆ ಕೊಳವೆಗೆ ಗಾಳಿ ಹೊಕ್ಕಾಗ ಹೀಗೇ ಆಗೋದು. ನಾವು ತಿರುಗಿಸಿದ್ಮೇಲೆ ಅದು ಯೋಚನೆ ಮಾಡಿ ತಿರುಗತ್ತೆ."

"ಇಂಥ ಬೋಟನ್ನ ಧಕ್ಕೆ ಬಿಟ್ಟು ಹೊರಗೆ ತಗೊಂಡು ಹೋಗ್ತೀರಾ?"

"ನಂಗೇನು ತಲೆ ಕೆಟ್ಟಿದ್ಯಾ?"

"ಅವಳನ್ನ ಅದ್ರಲ್ಲೇ ಕೂರ್ಸಿ ಪರೀಕ್ಷೆ ಮಾಡಿದ್ರಲ್ಲ ಸ್ಕಿಪ್ಪರ್" ಎಂದಳು ಮೇವಿಸ್, ದನಿ ಏರಿಸದೆ. "ಅವಳ ಕೈಲಿ ಚುಕ್ಕಾಣಿ ಇರ್ಲೇ ಇಲ್ಲ. ಇದೆ ಅಂತ ಅನ್ನಿಸ್ತಿತ್ತು, ಅಷ್ಟೆ. ಉತ್ತರ ತಡವಾಗಿ ಬಂದ್ರೆ ನಡೆಸೋನೂ ಒಳಗೆ ಮಲಗಿದವನೂ ಒಂದೇ. ಧಕ್ಕೆಗೆ ಗುದ್ದಿದ್ದೂ ಅದಕ್ಕೇ. ಅವಳ ಕೈ ನಿಧಾನ ಅಲ್ಲ, ಚಿತ್ರ ನಿಧಾನ."

ಸೆಲ್ಬಿ ಮಗಳ ಕಡೆ ನೋಡಲಿಲ್ಲ. ಲೋಟದಲ್ಲಿ ಚಹಾ ಆರಿಹೋಗಿತ್ತು, ಅದನ್ನೇ ಕುಡಿದ.

ಮೇವಿಸ್ ಸೆಟ್ಟಿಂಗ್ ತೆರೆದು ಒಂದೊಂದನ್ನೇ ಇಳಿಸುತ್ತ ಬಂದಳು. ನೊರೆ ಹೋಯಿತು, ನೆರಳು ಹೋಯಿತು, ನೀರಿನ ಮಿನುಗು ಹೋಯಿತು. ದೃಶ್ಯವನ್ನು ಮಸುಕು ಮಾಡುವುದನ್ನೂ, ಬೋಟು ಓಡುವಾಗ ನೋಟ ತೂಗಾಡುವುದನ್ನೂ ನಿಲ್ಲಿಸಿದಳು. ನೋಟ ಇಕ್ಕಟ್ಟಾಗದಂತೆ ಸ್ವಲ್ಪ ಅಗಲಿಸಿದಳು. ಸೋಫಾವನ್ನು ಹಿಂದಕ್ಕೆ ಎಳೆಸಿ, ದೀಪ ಹಾಕಿಸಿದಳು.

"ಅಯ್ಯೋ, ಅಷ್ಟು ಚಂದದ ನೀರು ಪಾತ್ರೆ ತೊಳೆದ ನೀರಾಯ್ತಲ್ಲ!" ಎಂದಳು ರೋಡಾ.

"ಚಂದದ ನೀರು ಹೊಟ್ಟೆ ಕೆಡ್ಸತ್ತೆ, ಕೊಳಕು ನೀರು ವಾಸಿ ಮಾಡತ್ತೆ ಅಂತೀಯಾ ಮೇವಿಸ್?" ಎಂದ ಸೆಲ್ಬಿ.

"ಚಂದದ ಚಿತ್ರ ಬರೆಯೋಕೆ ಯಂತ್ರಕ್ಕೆ ಹೊತ್ತು ಬೇಕು ಸ್ಕಿಪ್ಪರ್. ಆ ಹೊತ್ತನ್ನ ಕದ್ದಿದ್ದು ನಿಮ್ಮ ಚುಕ್ಕಾಣಿಯಿಂದ."

ಮೂಲೆಯ ಅಂಕಿ ಐವತ್ತೆಂಟು, ಅರವತ್ತರ ಆಸುಪಾಸಿನಲ್ಲಿ ನಿಂತಿತು. ಕೆಂಡ್ರಾ ಕೈ ಚಾಚಿದಳು. ಮೇವಿಸ್ ಕಂಟ್ರೋಲರ್ ಕೊಡಲಿಲ್ಲ.

"ಇವತ್ತು ಬೇಡ. ನಿನ್ನ ಹೊಟ್ಟೆ ಇನ್ನೂ ಹೆದರಿದೆ. ಕೆಲವು ದಿನ ಬಿಟ್ಟು, ಸ್ವಲ್ಪ ಹೊತ್ತು ಮಾತ್ರ. ಬೆವರು ಬಂತು, ಆಕಳಿಕೆ ಬಂತು, ಬಾಯಲ್ಲಿ ನೀರು ಬಂತು ಅಂದ್ರೆ ಅಲ್ಲಿಗೇ ನಿಲ್ಲಿಸ್ಬೇಕು. ಛಲ ಮಾಡಿದ್ರೆ ಹೊಟ್ಟೆ ಕಲಿಯೋದು ಹೆದರಿಕೇನ, ಆಟಾನ ಅಲ್ಲ."

ವಾರ ಕಳೆದು ಕೆಂಡ್ರಾ ಮತ್ತೆ ಆಡಿದಳು. ಬೋಟು ಕೈ ಹೇಳಿದ ಕೂಡಲೇ ತಿರುಗಿತು. ಅದನ್ನು ಧಕ್ಕೆಯ ಪಕ್ಕಕ್ಕೆ ತಂದು, ತಾಗಿತೋ ಇಲ್ಲವೋ ಎಂಬಂತೆ ನಿಲ್ಲಿಸಿದಳು. ಮೈ ಬೆವರಲಿಲ್ಲ. ತಿರುಗಿ ಅಪ್ಪನನ್ನು ನೋಡಿದಳು.

ಡಲ್ಸಿ ಅತ್ತೆ ಇಲ್ಲಿ ಮಾತು ನಿಲ್ಲಿಸಿ, ಕೊಕ್ಕೆಯಿಂದ ಎಳೆ ಎಳೆದು, ಬಿಗಿ ಸರಿಯಿದೆಯೇ ಎಂದು ನೋಡಿದರು. ಕೇಳುತ್ತಿದ್ದವರಲ್ಲಿ ಒಬ್ಬಾಕೆ, "ಆಮೇಲೇನು, ಜಾಗ ಕೊಟ್ಟ ತಾನೇ?" ಎಂದಳು. "ನನ್ನ ತಮ್ಮ ಅಷ್ಟು ಸುಲಭಕ್ಕೆ ಬಗ್ಗೋನಲ್ಲ. ಅದೂ ಒಳ್ಳೇದೇ ಆಯ್ತು" ಎಂದು ಮುಂದುವರಿಸಿದರು.

ಸೆಲ್ಬಿ ಹೇಳಿದ್ದು ಇಷ್ಟು: "ಆಟದಲ್ಲಿ ಕಕ್ಕಿದ್ದಕ್ಕೆ ಬೇಡ ಅಂದೆ, ಅದು ತಪ್ಪು. ಆಟದಲ್ಲಿ ಗೆದ್ದಿದ್ದಕ್ಕೆ ಬಾ ಅಂದ್ರೂ ಅಷ್ಟೇ ತಪ್ಪು. ಕಡಲಿನ ಮಾತು ಕಡಲಿನಲ್ಲೇ ಆಗ್ಲಿ." ವಾಲ್ಟ್‌ಗೆ ಫೋನು ಮಾಡಿ ಇನ್ನೂ ಸ್ವಲ್ಪ ತಡಿ ಎಂದ.

ಚಳಿಗಾಲದ ದುರಸ್ತಿ ಮುಗಿದ ಬೋಟನ್ನು ಪರೀಕ್ಷೆಗೆಂದು ಹೊರಗೆ ಒಯ್ಯುವ ದಿನ ಕೆಂಡ್ರಾಳೂ ಹತ್ತಿದಳು. ಭೂಶಿರ ದಾಟಿದ ಮೇಲೆ ಉದ್ದನೆಯ ಅಲೆ ಸಿಕ್ಕಿತು. ಹಗ್ಗ ಸುತ್ತುತ್ತಿದ್ದವಳು ಎದ್ದು ಬೋಟಿನ ಅಂಚಿಗೆ ಹೋಗಿ ಕಕ್ಕಿದಳು.

"ಗಾಳಿಗೆ ಎದುರಾಗಿ ಬೇಡ ಕಣೇ ಹುಡುಗಿ! ಈಗಷ್ಟೇ ಮುಖ ತೊಳ್ಕೊಂಡಿದೀನಿ" ಎಂದು ಗಾರ್ಲ್ಯಾಂಡ್ ಕೂಗಿದ.

ಕೆಂಡ್ರಾ ನಕ್ಕಳು. ಬಾಯಿ ಮುಕ್ಕಳಿಸಿ ಬಂದು ಹಗ್ಗದ ಮುಂದೆ ಕೂತಳು. ಸೆಲ್ಬಿ ಚುಕ್ಕಾಣಿ ಕೋಣೆಯ ಕಿಟಕಿಯಿಂದ ಎಲ್ಲವನ್ನೂ ನೋಡಿದ.

ಸಂಜೆ ಬೋಟು ಮರಳಿದಾಗ ರೋಡಾ ಕಾಯುತ್ತಿದ್ದಳು. "ಏನಾಯ್ತು?"

"ಕಕ್ಕಿದ್ಲು."

ರೋಡಾಳ ಮುಖ ಇಳಿಯಿತು.

"ಆಮೇಲೆ ಹಗ್ಗ ಸುತ್ತಿದ್ಲು. ಬರೋತನಕ ಕೈ ಬಿಡ್ಲಿಲ್ಲ. ನಿನ್ನ ತಮ್ಮನಿಗಿಂತ ನೀಟಾಗಿ ಸುತ್ತಿದಾಳೆ" ಎಂದ ಸೆಲ್ಬಿ. "ಆ ಹಳೇ ಮಳೆಅಂಗಿ ಅವಳಿಗೆ ದೊಡ್ಡದು, ತೋಳು ಹಗ್ಗಕ್ಕೆ ಸಿಕ್ಕಿಬಿಡತ್ತೆ. ನಾಳೆ ಅಂಗಡಿಗೆ ಹೋಗಿ ಅವಳ ಅಳತೇದು ತಗೊಂಡು ಬಾ."

ಕಥೆ ಅಲ್ಲಿಗೆ ಮುಗಿಯಿತು. ಡಲ್ಸಿ ಅತ್ತೆ ಕೊಕ್ಕೆ ಕೆಳಗಿಟ್ಟು ಎಲ್ಲರ ಮುಖ ನೋಡಿದರು.

"ಈಗ ನಿಮಗೆ ಹೇಳ್ತೀನಿ, ಕೇಳಿ. ಮನೇಲಿ ಆಟ ಆಡ್ತಾ ಯಾರಿಗಾದ್ರೂ ತಲೆ ತಿರುಗಿದ್ರೆ, ಹೊಟ್ಟೆ ತೊಳೆಸಿದ್ರೆ, ನಾಟಕ ಅನ್ಬೇಡಿ, ಕೈಲಾಗದವರು ಅನ್ಬೇಡಿ. ಆಡೋದು ನಿಲ್ಲಿಸಿ, ಕಿಟಕಿ ತೆಗೀರಿ. ಮೂಲೇಲಿ ಆ ಅಂಕಿ ಹಾಕ್ಸಿ ನೋಡಿ. ಕಮ್ಮಿ ಇದ್ರೆ, ಹಾರಾಡ್ತಿದ್ರೆ, ಚಂದ ಇಳ್ಸಿ. ಹಳೇ ಯಂತ್ರಕ್ಕೆ ಅರವತ್ತು ಆಗಲ್ಲ ಅಂದ್ರೆ ಮೂವತ್ತಕ್ಕೆ ಕಟ್ಟಿಹಾಕಿ. ಏರಿ ಇಳಿಯೋ ಅರವತ್ತಿಗಿಂತ ನಿಂತ ಮೂವತ್ತು ಎಷ್ಟೋ ವಾಸಿ. ದೂರ ಕೂರ್ಸಿ, ದೀಪ ಹಾಕಿ. ಇಷ್ಟೆಲ್ಲ ಮಾಡಿದ್ರೂ ಕೆಲವರಿಗೆ ಆಗಿಬರಲ್ಲ. ಅವರಿಗೆ ಬೇರೆ ಆಟ ಕೊಡಿ, ಬೇರೆ ಹೆಸರು ಇಡ್ಬೇಡಿ. ಆಟ ಬಿಟ್ಟ ಮೇಲೂ ತಲೆ ತಿರುಗ್ತಾನೇ ಇದ್ರೆ ಮೇವಿಸ್ ಹತ್ರ ಹೋಗಿ. ಅವಳೇನೂ ಕಚ್ಚಲ್ಲ."

ಯಾರೋ ಕೆಟಲಿನಲ್ಲಿ ಉಳಿದ ಚಹಾವನ್ನು ಹೊರಗೆ ಚೆಲ್ಲಿ ಬಂದರು. ಹೆಂಗಸರು ನೆಲಹಾಸುಗಳನ್ನು ಸುರುಳಿ ಸುತ್ತಿ, ಚಿಂದಿಯ ಚೀಲಗಳನ್ನು ಕಟ್ಟಿ, ಕೋಟು ತೊಟ್ಟುಕೊಂಡರು. ಬಾಗಿಲನ್ನು ಗಾಳಿ ಬಡಿಯದಂತೆ ಒಬ್ಬಾಕೆ ಬೆನ್ನು ಕೊಟ್ಟು ಹಿಡಿದಳು. ಒಬ್ಬೊಬ್ಬರಾಗಿ ಹೊರಬಿದ್ದು, ಮಾತಾಡಿಕೊಳ್ಳುತ್ತ, ತಮ್ಮ ತಮ್ಮ ಮನೆಗಳ ಕಡೆ ಇಳಿಜಾರಿನಲ್ಲಿ ನಡೆದುಹೋದರು.