ಸಂಕ್ರಮಣದ ಮರುದಿನ

“ಒಂದೀಟು ಓರೆ ಮಾಡಿದ್ರ ವಿಮಾನ ಹೊರಗ ಹೋಗ್ತದ, ವಹಿನಿ,” ಎಂದು ಏಕನಾಥ ಹೆಗಲ ಮೇಲಿನ ಬಿದಿರನ್ನು ಸರಿಮಾಡಿಕೊಂಡ.

“ಕುಂತವರನ್ನ ಓರೆ ಮಾಡ್ತೀರೇನ್ರಿ, ಭಾವೂಜಿ?” ಸುಮಂಗಲಾಳ ದನಿ ಒಡೆದಿತ್ತು. “ಅವರು ನೆಟ್ಟಗ ಹೋಗಬೇಕು. ನಮ್ಮಲ್ಲಿ ಹಂಗ.”

ಹೊತ್ತವರು ಶವ ಕೂರಿಸಿದ ಬಿದಿರಿನ ವಿಮಾನವನ್ನು ಮತ್ತೆ ಇಳಿಸಿದರು. ಪುಣೆಯ ಖಡಕಿಯ ಆ ಗಲ್ಲಿಯ ಬಾಯಿಗೆ ಅಡ್ಡವಾಗಿ ಹಳೆಯ ಫ್ರೆಂಚ್ ಕಾರೊಂದು ಹೊಟ್ಟೆಯನ್ನು ನೆಲಕ್ಕೆ ಹಚ್ಚಿ ಕೂತಿತ್ತು. ಎಂಜಿನ್ ಆರಿಸಿದರೆ ಮೆಲ್ಲಗೆ ಕುಸಿಯುವ, ಚಾಲೂ ಮಾಡಿದರೆ ಮೆಲ್ಲಗೆ ಎದ್ದು ನಿಲ್ಲುವ ಜಾತಿ ಅದು. ನಿನ್ನೆ ಸಂಜೆ ಸುಮಂಗಲಾಳ ಗಂಡ ಸಿದ್ರಾಮಪ್ಪ ತನ್ನ ಆ ಕಾರಿನ ನೆನಪಿನಿಂದ ಹಳೆಯ ಕೀಲಿಯ ಗುರುತು ಅಳಿಸಿ, ಹೊಸದನ್ನು ಹಿಡಿಸಲು ಲ್ಯಾಪ್‌ಟಾಪ್ ಜೋಡಿಸುತ್ತಿದ್ದ. ಹಾಗೇ ಸ್ಟೇರಿಂಗಿನ ಮೇಲೆ ತಲೆಯಿಟ್ಟವನು ಮತ್ತೆ ಎತ್ತಲಿಲ್ಲ. ಈಗ ಹಣೆತುಂಬ ವಿಭೂತಿ ಹಚ್ಚಿಸಿಕೊಂಡು, ಸೇವಂತಿಗೆಯ ನಡುವೆ ಕೂತು, ತಾನೇ ನಿಲ್ಲಿಸಿದ ಕಾರು ದಾರಿ ಬಿಡಲೆಂದು ಕಾಯುತ್ತಿದ್ದ.

ಅವನ ಜೊತೆಗೇ ಗ್ಯಾರೇಜು ನಡೆಸಿದ ಏಕನಾಥ ಮೂಗು ಒರೆಸಿಕೊಂಡ. “ಹಂಗಾದ್ರ ಕ್ರೇನ್ ಕರೀತೀನಿ. ಎಳದು ಬಾಜೂಕ ಹಾಕ್ತಾನ.”

“ಹೊಟ್ಟಿ ಹರಿತದ ಅದರದು! ಕೂಸಿನಂಗ ಜೋಪಾನ ಮಾಡ್ಯಾರ. ಅವರೆದುರಿಗೇ ಹರಿಸೋದೇನು?”

ಕಾರಿನೊಳಗಿಂದ ಮೈದುನನ ಮಗ ಓಂಕಾರ್ ತಲೆ ಹೊರಹಾಕಿದ. ಲ್ಯಾಪ್‌ಟಾಪ್ ಅವನ ತೊಡೆಯ ಮೇಲಿತ್ತು. “ಕೀಲಿ ಹಿಡಿಸದ ಇದು ಚಾಲೂ ಆಗೂದಿಲ್ಲ, ದೊಡ್ಡವ್ವ. ಈ ಪ್ರೋಗ್ರಾಮ್ ನೋಡಿದ್ರ ಅವಧಿ ಮುಗದದ ಅಂತದ. ತಾರೀಖು ಎಲ್ಲೋ ಹಿಂದಿಂದಿತ್ತು, ನಾನೇ ಇವತ್ತಿಂದು ಸರಿಮಾಡೇನಿ. ಆದ್ರೂ ಒಲ್ಲೆ ಅಂತದ.”

ಸುಮಂಗಲಾ ಕಾರಿನ ಕಡೆ ತಿರುಗಿದಳು. ಸರಿಮಾಡಲು ಹೋಗಿ ಹುಡುಗ ಎಂಥ ಕೆಲಸ ಮಾಡಿಟ್ಟಿದ್ದ!

*

ಮಧ್ಯಾಹ್ನ ಗ್ಯಾರೇಜಿಗೆ ಬುತ್ತಿ ಒಯ್ದಾಗಲೆಲ್ಲ ಅವಳು ನೋಡಿದ್ದಳು. ಪ್ರೋಗ್ರಾಮು ಹಳೆಯದು, ಮಾಡಿದವರೇ ಅದನ್ನು ಮರೆತಿದ್ದರು. ಈಗಿನ ಕಾಲ ಕಂಡರೆ ಅದಕ್ಕೆ ಆಗದು. ಸಿದ್ರಾಮಪ್ಪ ಮೊದಲು ತಾರೀಖನ್ನು ಹಿಂದಕ್ಕೆ ತಳ್ಳಿ, ಆಮೇಲೆ ಕೆಲಸಕ್ಕೆ ಕೂರುತ್ತಿದ್ದ.

“ಪಾಪ, ಮಷೀನಿಗೆ ಸುಳ್ಳು ಹೇಳ್ತೀರಲ್ರೀ.”

“ಸುಳ್ಳು ಯಾಕ? ನನಗೂ ಆ ದಿನಾನ ಸೇರ್ತದ.”

“ಯಾವ ದಿನ?”

“ಎರಡು ಸಾವಿರದ ಆರು, ಸಂಕ್ರಮಣದ ಮರುದಿನ. ನೀ ಟ್ರಂಕ್ ಹಿಡಕೊಂಡು ಪುಣೆ ಸ್ಟೇಷನ್ನಾಗ ಇಳದದ್ದು.”

ಮದುವೆಯಾಗಿ ವರ್ಷಗಟ್ಟಲೆ ಅತ್ತೆಯ ಆರೈಕೆಗೆಂದು ಊರಲ್ಲೇ ಉಳಿದವಳು ಅಂದು ಗಂಡನ ಹತ್ತಿರ ಬಂದಿದ್ದಳು. ಕಲಬುರಗಿ ಕಡೆಯ ಗಾಡಿ ತಡವಾಗಿತ್ತು. ಅವನು ನಸುಕಿನಿಂದ ಪ್ಲಾಟ್‌ಫಾರ್ಮಿನಲ್ಲೇ ನಿಂತಿದ್ದನಂತೆ, ಚಹಾಕ್ಕೂ ಹೋಗದೆ.

“ಹುಚ್ಚು ಹಿಡದದ ನಿಮಗ,” ಎಂದು ನಕ್ಕು ರೊಟ್ಟಿ ಬಡಿಸಿದ್ದಳು.

*

ಸುಮಂಗಲಾ ಸೆರಗು ಬಿಗಿದುಕೊಂಡು ಹೋಗಿ ಓಂಕಾರನ ಪಕ್ಕದ ಸೀಟಿನಲ್ಲಿ ಕೂತಳು. ಅದು ಯಾವಾಗಲೂ ಅವಳದೇ ಜಾಗ.

“ನಾ ಹೇಳಿದ ತಾರೀಖು ಹಾಕು, ಮಗಾ.”

ಹೇಳಿದಳು. ಓಂಕಾರ್ ಹಾಕಿದ. “ಟೈಮು?”

“ನಸಕ್ನ್ಯಾಗ ಐದು.”

ಪರದೆ ನೀಲಿಯಾಗಿ ಪ್ರೋಗ್ರಾಮು ತೆರೆದುಕೊಂಡಿತು, ಹೊಸ ಕೀಲಿಯನ್ನು ಹಿಡಿಯಿತು. ಹೊರಗಿನ ಭಜನೆ, ತಾಳ, ಅಳು ಎಲ್ಲ ಒಂದು ಗಳಿಗೆ ದೂರ ಸರಿದವು. ಎಲ್ಲೋ ಜೋಳದ ರೊಟ್ಟಿಯ ವಾಸನೆ ಬಂದಂತಾಯಿತು. ಓಂಕಾರ್ ಕೀಲಿ ತಿರುವಿದ. ಕಾರಿನ ಹೊಟ್ಟೆಯಡಿ ನಿಟ್ಟುಸಿರಿನಂಥ ಸದ್ದಾಯಿತು. ಮಲಗಿದ ಎಮ್ಮೆ ಏಳುವ ಹಾಗೆ ಕಾರು ಮೊದಲು ಹಿಂಭಾಗ ಎತ್ತಿತು, ಆಮೇಲೆ ಮೂತಿ.

“ಉಠಲೀ ಬಘಾ, ವಹಿನಿ! ಎದ್ದಳು!” ಎಂದು ಏಕನಾಥ ಅಳುತ್ತಲೇ ನಕ್ಕುಬಿಟ್ಟ.

ಕಾರು ರಸ್ತೆಯ ಬದಿಗೆ ಹೋಗಿ ನಿಂತಿತು. ವಿಮಾನ ಓರೆಯಾಗದೆ ಗಲ್ಲಿ ದಾಟಿತು. ಸಿದ್ರಾಮಪ್ಪ ಅವಳ ಕಿಟಕಿಯ ಪಕ್ಕದಲ್ಲೇ ನೆಟ್ಟಗೆ ಸಾಗಿದ.

“ಹೋಗಿ ಬರ್ರಿ,” ಎಂದಳು, ದಿನಾ ಬೆಳಿಗ್ಗೆ ಅನ್ನುವ ಹಾಗೆ. ಅಂದಮೇಲೆ ಗೊತ್ತಾಗಿ ಬಾಯಿಗೆ ಸೆರಗು ಒತ್ತಿಕೊಂಡಳು.

ಹೆಣ್ಣುಮಕ್ಕಳು ಗಲ್ಲಿಯ ಬಾಯಿಯವರೆಗೆ ಮಾತ್ರ ಎಂಬುದು ಆ ಮನೆತನದ ಪದ್ಧತಿ. ಓಂಕಾರ್ ಎಂಜಿನ್ ಆರಿಸಿದ. “ನಾ ಮಣ್ಣು ಕೊಟ್ಟು ಬರ್ತೀನಿ, ದೊಡ್ಡವ್ವ. ತಾರೀಖು ಸರಿಮಾಡಲಿ?”

“ಇರಲಿ ಬಿಡು.”

ಅವನು ಲ್ಯಾಪ್‌ಟಾಪನ್ನು ಅವಳ ತೊಡೆಯ ಮೇಲಿಟ್ಟು ಓಡಿದ. ಭಜನೆ ದೂರವಾಯಿತು. ಕಾರು ಅವಳನ್ನು ಕೂರಿಸಿಕೊಂಡೇ ಮೆಲ್ಲಗೆ, ತೀರಾ ಮೆಲ್ಲಗೆ ಇಳಿಯತೊಡಗಿತು. ಪರದೆಯ ಮೂಲೆಯ ಗಡಿಯಾರದಲ್ಲಿ ಇನ್ನೂ ಬೆಳಕು ಹರಿದಿರಲಿಲ್ಲ. ಕಲಬುರಗಿ ಕಡೆಯ ಗಾಡಿ ಬರಲು ಹೊತ್ತಿತ್ತು.