ಬೆಳಗಿನ ನಡುಕ

ಸಿಗ್ನಲ್ಲಿನ ಕೆಂಪು ದೀಪದ ಎದುರು ನಿಂತ ಕಾರು ಒಮ್ಮೆ ಮೈ ಕೊಡವಿತು, ಇನ್ನೊಮ್ಮೆ ಕೊಡವಿತು, ಆಮೇಲೆ ಸುಮ್ಮನಾಯಿತು. ನೀತಾ ಕೀಲಿ ತಿರುವಿದಳು. ಎಂಜಿನ್ ಎದ್ದು, ಎದೆ ಕಟ್ಟಿದವರಂತೆ ತಡವರಿಸಿ ಉಸಿರಾಡಿ, ಮತ್ತೆ ಆರಿತು. ಹಡಪಸರದ ಫ್ಲೈಓವರಿನ ಕಂಬಗಳ ನಡುವೆ ಮಂಜು ತುಂಬಿತ್ತು. ಹಿಂದಿನ ಗಾಡಿಗಳು ಕಾಣುತ್ತಿರಲಿಲ್ಲ. ಅವುಗಳ ದೀಪಗಳಷ್ಟೇ ಹಾಲಿನಲ್ಲಿ ಕಲಸಿದ ಅರಿಸಿನದ ಹಾಗೆ ಹರಡಿಕೊಂಡಿದ್ದವು. ಹಾರ್ನ್‌ಗಳ ಸದ್ದು ಮಾತ್ರ ನೆಟ್ಟಗೆ ಬಂದು ಅವಳ ಬೆನ್ನಿಗೆ ಬಡಿಯುತ್ತಿತ್ತು.

ಪಕ್ಕದ ಸೀಟಿನಲ್ಲಿ ಮಾವ ಹೊಳಬಸಪ್ಪ ಕಿವಿ ಮುಚ್ಚುವಂತೆ ಮಫ್ಲರ್ ಸುತ್ತಿಕೊಂಡು, ಆಸ್ಪತ್ರೆಯ ಚೀಲವನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದರು. ಅವರು ಅವಸರ ಮಾಡಲಿಲ್ಲ, ಬೈಯಲೂ ಇಲ್ಲ.

"ಗಾಡಿಗೂ ಸಾಕಾಗೇದ, ನೀತಾ. ನನಗೂ ಸಾಕಾಗೇದ. ಇನ್ನ ಬಿಡೂಣು," ಎಂದರು.

ಯಾರೋ ಇಬ್ಬರು ರಿಕ್ಷಾದವರು ಕಾರನ್ನು ಬದಿಗೆ ನೂಕಿಕೊಟ್ಟರು. ಸ್ವಲ್ಪ ಹೊತ್ತಿಗೆ ಅದು ತಾನಾಗಿಯೇ ಚೇತರಿಸಿಕೊಂಡಿತು. ಡಯಾಲಿಸಿಸ್ ಮುಗಿಸಿಕೊಂಡು ಬಿಸಿಲಿನಲ್ಲಿ ವಾಪಸು ಬರುವಾಗಲಂತೂ ಏನೂ ಆಗಿಯೇ ಇಲ್ಲವೆಂಬಂತೆ ಓಡಿತು. ಆದರೆ ಹೊಳಬಸಪ್ಪ ತಮ್ಮ ಮಾತು ಮರೆತಿರಲಿಲ್ಲ. ಊಟದ ಹೊತ್ತಿಗೆ, ಇನ್ನು ತಾನು ಆಸ್ಪತ್ರೆಗೆ ಬರುವುದಿಲ್ಲ, ಭಾನುವಾರ ಮಗ ಚನ್ನವೀರ ಬಂದಾಗ ಅವನಿಗೂ ಇದನ್ನೇ ಹೇಳುತ್ತೇನೆ ಎಂದರು. ಹೆಸರುಬೇಳೆಗೆ ಉಪ್ಪು ಕಡಿಮೆ ಎಂದು ಹೇಳುವಷ್ಟೇ ಮೆತ್ತಗಿನ ದನಿಯಲ್ಲಿ ಹೇಳಿದರು. ಡಯಾಲಿಸಿಸ್ ನಿಲ್ಲಿಸಿದರೆ ಏನಾಗುತ್ತದೆಂದು ಡಾಕ್ಟರು ಇಬ್ಬರನ್ನೂ ಕೂರಿಸಿಕೊಂಡು ಬಿಡಿಸಿ ಹೇಳಿದ್ದರು. ಅದು ಅವರಿಗೆ ಗೊತ್ತಿಲ್ಲದ ಸಂಗತಿಯಾಗಿರಲಿಲ್ಲ.

ನೀತಾಳ ಗಂಡ ಚನ್ನವೀರ ಇಂದಾಪುರದ ಕಡೆ ಸಕ್ಕರೆ ಕಾರ್ಖಾನೆಯೊಂದರಲ್ಲಿ ನೌಕರ. ಕಬ್ಬು ನುರಿಸುವ ಹಂಗಾಮಿನಲ್ಲಿ ಭಾನುವಾರಕ್ಕೆ ಬಂದರೆ ಬಂದ, ಇಲ್ಲದಿದ್ದರೆ ಇಲ್ಲ. ರಿಕ್ಷಾದ ಕುಲುಕಾಟ ಮುದುಕರ ಮೈಗೆ ಆಗುತ್ತಿರಲಿಲ್ಲ. ಹಾಗಾಗಿ ಮಾವನನ್ನು ಕರೆದೊಯ್ಯುವ ಕೆಲಸ ಅವಳದಾಗಿತ್ತು. ದಿನ ಬಿಟ್ಟು ದಿನ ಅದೇ ಕತ್ತಲು, ಅದೇ ಮಂಜು, ಅದೇ ಕಾಲುವೆಯ ಸೇತುವೆ. ಕೆಲವೊಮ್ಮೆ ಅವಳಿಗೆ ತಾನು ನಿಜಕ್ಕೂ ಎದ್ದು ಬಂದಿದ್ದೇನೆಯೋ ಹಾಸಿಗೆಯಲ್ಲೇ ಮಲಗಿ ಗಾಡಿ ಓಡಿಸುತ್ತಿದ್ದೇನೆಯೋ ತಿಳಿಯುತ್ತಿರಲಿಲ್ಲ. ಚಳಿ ಹೆಚ್ಚಾದಂತೆ ಕಾರಿನ ನಡುಕವೂ ಶುರುವಾಗಿತ್ತು. ತಪ್ಪು ತನ್ನದೇ ಇರಬೇಕು, ಕ್ಲಚ್ ಬಿಡುವುದೇ ತನಗೆ ಬರುವುದಿಲ್ಲ ಎಂದುಕೊಂಡು ಅವಳು ಎಷ್ಟೋ ದಿನ ಯಾರಿಗೂ ಹೇಳಿರಲಿಲ್ಲ.

ಮರುದಿನ ಸಾಸವಡ ರಸ್ತೆಯ ಗುರಣ್ಣನ ಗ್ಯಾರೇಜಿಗೆ ಹೋದಳು. ಗುರಣ್ಣ ಅಥಣಿ ಕಡೆಯವನು. ಈ ಮೊದಲು ಪ್ಲಗ್ ಬದಲಿಸಿದ್ದ, ಎಂಜಿನ್ನಿಗೆ ಗಾಳಿ ಹೋಗುವ ದಾರಿಯನ್ನೆಲ್ಲ ತೊಳೆದಿದ್ದ. ಈಗಲೂ ಅವನ ಮುಂದೆ ನಿಂತ ಕಾರು ಸಾಧು ಬೆಕ್ಕಿನಂತೆ ಗುರುಗುಟ್ಟುತ್ತಿತ್ತು. ನೀತಾಳ ಕಣ್ಣಲ್ಲಿ ನೀರೇ ಬಂತು. ಸುಳ್ಳು ಹೇಳುತ್ತಿದ್ದೇನೆ ಅಂದುಕೊಂಡಾನು ಅನಿಸಿತು. ಮಾವ ಹೇಳಿದ ಮಾತನ್ನೂ ಅವನಿಗೆ ಹೇಳಿಬಿಟ್ಟಳು.

ಗುರಣ್ಣ ಕೈ ಒರೆಸಿಕೊಂಡು ಬಾನೆಟ್ ಮುಚ್ಚಿದ. "ತಪ್ಪ ನಂದೈತ್ರಿ ಅಕ್ಕಾರ. ದಿನಾ ಬಿಸಿ ಆದ ಮ್ಯಾಲೆ ನೋಡಾಕತ್ತೇನಿ. ಥಂಡ್ಯಾಗ ಅಳೂದನ್ನ ಥಂಡ್ಯಾಗ ಬಂದ ನೋಡಬೇಕು. ನಾಳೆ ನಾ ಬರೂಮಟಾ ಕೀಲಿ ಹಚ್ಚಬ್ಯಾಡ್ರಿ."

ಮರುದಿನವೇ ಡಯಾಲಿಸಿಸ್ಸಿನ ಸರದಿ. ಗುರಣ್ಣ ಬರುವ ಸಂಗತಿಯನ್ನು ಅವಳು ಮಾವನಿಗೆ ತಿಳಿಸಲಿಲ್ಲ. ಬೇಡ ಎಂದುಬಿಟ್ಟರೆ ಮುಂದೆ ಏನು ಹೇಳಬೇಕೆಂದು ಅವಳಿಗೆ ಗೊತ್ತಿರಲಿಲ್ಲ. ಅವರು ಎಂದಿನಂತೆ ಊಟ ಮುಗಿಸಿ, ಅಪಾರ್ಟ್‌ಮೆಂಟ್ ಸೊಸೈಟಿಯ ಅಂಗಳದಲ್ಲಿ ಶತಪಾವಲಿಯೆಂದು ನೂರು ಹೆಜ್ಜೆ ಅಡ್ಡಾಡಿ ಬಂದು, ನಾಳೆ ನನ್ನನ್ನು ಎಬ್ಬಿಸಬೇಡ ಎಂದು ಹೇಳಿ ಮಲಗಿಕೊಂಡರು.

ಬೆಳಕು ಹರಿಯುವ ಮೊದಲೇ ಗುರಣ್ಣ ಬಂದ. ಪಾರ್ಕಿಂಗಿನೊಳಗೂ ಮಂಜು ತೆವಳಿಕೊಂಡು ಬಂದಿತ್ತು; ಕಾರುಗಳೆಲ್ಲ ನೀರೊಳಗೆ ಮಲಗಿದ ಎಮ್ಮೆಗಳ ಹಾಗಿದ್ದವು. ಅವನು ಬಾನೆಟ್ ಎತ್ತಿದವನೇ ಟಾರ್ಚ್ ಹಿಡಿದು ನಿಂತುಬಿಟ್ಟ.

ಎಂಜಿನ್ನಿನ ಮೇಲೆ ಒಂದು ಕೌದಿ ಹೊದಿಸಿತ್ತು. ಸುಮ್ಮನೆ ಎಸೆದದ್ದಲ್ಲ, ಅಂಚುಗಳನ್ನು ಸುತ್ತಲೂ ಒತ್ತಿ, ಮಗುವಿಗೆ ಹೊದಿಸುವ ಹಾಗೆ ಹೊದಿಸಿತ್ತು. ಹಸಿರು ಇಳಕಲ್ ಸೀರೆಯ ತುಂಡು, ಅದರ ಪಕ್ಕ ಚೌಕಳಿ ಅಂಗಿಯ ತುಂಡು. ನೀತಾ ಗುರುತು ಹಿಡಿದಳು. ತೀರಿಹೋದ ಅತ್ತೆ ಸಾವಂತ್ರವ್ವ ಧಾರವಾಡದಲ್ಲಿದ್ದಾಗ ಹೊಲಿದ ಕೌದಿ ಅದು. ಮಾವನ ಮಂಚದ ಕೆಳಗಿನ ಟ್ರಂಕಿನಲ್ಲಿ ಇರಬೇಕಾದದ್ದು.

ಆಗಲೇ ಮೆಟ್ಟಿಲ ಮೇಲೆ ಚಪ್ಪಲಿಯ ಸದ್ದಾಯಿತು. ಹೊಳಬಸಪ್ಪ ಬನಿಯನ್ನಿನ ಮೇಲೆ ಶಾಲು ಹೊದ್ದು, ಗೋಡೆ ಹಿಡಿದುಕೊಂಡು ಅವಸರದಿಂದ ಇಳಿಯುತ್ತಿದ್ದರು. ಇವರಿಬ್ಬರನ್ನೂ ಕಂಡು ಕೊನೆಯ ಮೆಟ್ಟಿಲಲ್ಲಿ ನಿಂತರು.

"ರಾತ್ರಿ ಭಾಳ ಥಂಡಿ ಬೀಳತದ," ಎಂದರು. "ಮುಂಜಾನೆ ಎದ್ದು ಓಡಲಿಕ್ಕೆ ಅದಕ್ಕ ತ್ರಾಸ ಆಗಬಾರದು ಅಂತ... ಥಂಡಿ ಬಿದ್ದಾಗಿಂದ ದಿನಾ ಹೊಚ್ಚಿ, ನೀ ಬರೂದರೊಳಗ ತಗೀತಿದ್ದೆ."

"ಎಬ್ಬಿಸಬ್ಯಾಡ ಅಂದ ಮ್ಯಾಲೂ ಹೊಚ್ಚಿದ್ರೇನ್ರಿ, ಮಾವಾರ?"

ಅವರು ಸೊಸೆಯ ಮುಖ ನೋಡಲಿಲ್ಲ. "ನಿನ್ನೆ ಥಂಡಿ ಹೆಚ್ಚಿತ್ತು," ಎಂದರು.

ಗುರಣ್ಣ ಕೌದಿಯನ್ನು ಮೆಲ್ಲಗೆ ಎತ್ತಿದ. ಒಂದು ಮೂಲೆ ಹರಿದು ದಾರಗಳು ಜೋತಾಡುತ್ತಿದ್ದವು. ಸಾವಂತ್ರವ್ವನ ತವರಿನಲ್ಲಿ ಕೌದಿಗೂ ಹಸಿವೆ ಇರುತ್ತದೆಂದು ನಂಬಿಕೆ. ಹೊಲಿದು ಮುಗಿಸುವಾಗ ಕೊನೆಯ ಮೂಲೆಯೊಳಗೆ ಒಂದು ರೊಟ್ಟಿ ಚೂರು ಇಟ್ಟು ಮುಚ್ಚುತ್ತಿದ್ದರು. ಇಲಿಯೊಂದು ಆ ಮೂಲೆಯನ್ನೇ ಹುಡುಕಿ ಬಿಚ್ಚಿ, ಒಣಗಿದ ಆ ಚೂರನ್ನು ತಿಂದು, ಬಟ್ಟೆಯ ಎಳೆಗಳನ್ನು ಬ್ಯಾಟರಿಯ ಹಿಂದೆ ಗುಡ್ಡೆ ಹಾಕಿಕೊಂಡು ಬೆಚ್ಚಗೆ ಸಂಸಾರ ಹೂಡಿತ್ತು. ಹೊಳಬಸಪ್ಪ ಬಗ್ಗಿ ನೋಡಿದರು.

"ಅಜ್ಜಾರ, ಉಣಿಸಿ ಹೊಚ್ಚಿದ್ದಕ್ಕ ಇಲಿ ನಿಮ್ಮ ಹೆಸರಿಲೆ ದೀಪಾ ಹಚ್ಚತೈತಿ," ಎಂದ ಗುರಣ್ಣ. ನಂತರ ನೀತಾಳಿಗೆ ಕೀಲಿ ತಿರುವಲು ಹೇಳಿದ.

ಕಾರು ಎದ್ದು ನಡುಗತೊಡಗಿತು. ಕನ್ನಡಿ, ಬಾಗಿಲು, ಸ್ಟಿಯರಿಂಗಿನ ಮೇಲಿದ್ದ ಅವಳ ಕೈ ಎಲ್ಲವೂ ನಡುಗಿದವು. ಗುರಣ್ಣ ಒಂದು ರಬ್ಬರ್ ಕೊಳವೆಯ ತುದಿಯನ್ನು ಕಿವಿಗಿಟ್ಟುಕೊಂಡು ಇನ್ನೊಂದು ತುದಿಯನ್ನು ಎಂಜಿನ್ನಿನ ಮೇಲೆಲ್ಲ ಆಡಿಸಿದ. ಒಂದು ಕಡೆ ನಿಲ್ಲಿಸಿದ. ಬಂದು ಕೇಳಲು ನೀತಾಳನ್ನು ಕರೆದ. ದೂರದಲ್ಲಿ ಯಾರೋ ಮಗುವನ್ನು ಮಲಗಿಸುತ್ತ 'ಶ್' ಎನ್ನುತ್ತಿರುವಂಥ ಸದ್ದು ಅವಳಿಗೆ ಕೇಳಿಸಿತು. ಗಾಳಿಯ ಸಣ್ಣ ಪೈಪೊಂದನ್ನು ಇಲಿ ಅಡಿಭಾಗದಲ್ಲಿ ಕಡಿದಿತ್ತು. ಚಳಿಯಲ್ಲಿ ರಬ್ಬರು ಸೆಡೆತಾಗ ಸೀಳು ಬಾಯಿ ತೆರೆಯುತ್ತದೆ, ಬೇಡದ ಗಾಳಿ ಒಳನುಗ್ಗುತ್ತದೆ; ಎಂಜಿನ್ ಕಾದ ಮೇಲೆ ರಬ್ಬರು ಮೆತ್ತಗಾಗಿ ಬಾಯಿ ಮುಚ್ಚಿಕೊಳ್ಳುತ್ತದೆ ಎಂದು ಗುರಣ್ಣ ವಿವರಿಸಿದ. ಇಷ್ಟು ದಿನ ತನ್ನ ಕಾಲನ್ನು ಬೈದುಕೊಂಡಿದ್ದ ನೀತಾ ಬಗ್ಗಿ ಆ ಸೀಳನ್ನು ನೋಡಿದಳು.

"ಅಜ್ಜಾರ, ಇಲ್ಲಿ ಹೆಬ್ಬಟ್ಟ ಒತ್ತರಿ."

ಹೊಳಬಸಪ್ಪ ಸೊಸೆಯತ್ತ ನೋಡಿ, ಶಾಲು ಹಿಂದಕ್ಕೆ ಸರಿಸಿ, ಡಯಾಲಿಸಿಸ್ಸಿನ ಸೂಜಿ ಚುಚ್ಚಿ ಚುಚ್ಚಿ ಗಂಟುಗಟ್ಟಿದ ಕೈಯನ್ನೇ ಒಳಗಿಳಿಸಿದರು. ಹೆಬ್ಬೆರಳು ಸೀಳಿನ ಮೇಲೆ ಕೂತದ್ದೇ ನಡುಕ ನಿಂತಿತು. ಕಾರು ಸಮನಾಗಿ, ಹಗುರವಾಗಿ ಓಡತೊಡಗಿತು. ಪಾರ್ಕಿಂಗೆಲ್ಲ ಒಮ್ಮೆಗೇ ವಿಶಾಲವಾದಂತಾಯಿತು. ಅವರು ಬೆರಳೆತ್ತಿದರು, ನಡುಕ ಬಂತು. ಮತ್ತೆ ಒತ್ತಿದರು. ಹಾಗೆ ಒತ್ತಿಕೊಂಡೇ ನಿಂತರು, ಕಣ್ಣು ಅರ್ಧ ಮುಚ್ಚಿ, ಗುರಣ್ಣ ಸಾಕ್ರಿ ಎನ್ನುವವರೆಗೂ.

ಗುರಣ್ಣ ಹರಿದ ತುದಿಯನ್ನು ಕತ್ತರಿಸಿ, ಉಳಿದ ಪೈಪನ್ನು ಎಳೆದು ಕೂರಿಸಿ ಕ್ಲಿಪ್ ಹಾಕುತ್ತಿದ್ದ. ಹೊಳಬಸಪ್ಪ ಮೆಟ್ಟಿಲ ಕಡೆ ನಡೆದವರು ತಿರುಗಿ ನಿಂತರು.

"ಜಳಕಕ್ಕ ನೀರ ಕಾದಾವೇನು, ನೀತಾ?"

"ಈಗ ಕಾಸತೀನ್ರಿ," ಎಂದಳು ನೀತಾ. ಅವರಿಗಿಂತ ಮೊದಲೇ ಮೆಟ್ಟಿಲೇರಿದಳು.

ಮಾವ ಸೊಸೆ ಆಸ್ಪತ್ರೆಗೆ ಹೊರಟಾಗ ಮಂಜು ಇನ್ನೂ ದಟ್ಟವಾಗಿತ್ತು. ಕಾಲುವೆಯ ಸೇತುವೆ ದಾಟಿದ್ದು ಸಪ್ಪಳ ಬದಲಾದದ್ದರಿಂದ ಮಾತ್ರ ತಿಳಿಯಿತು. ಸಿಗ್ನಲ್ಲಿನಲ್ಲಿ ಕಾರು ಈ ಸಲ ನಡುಗಲಿಲ್ಲ. ಅವರ ಪಕ್ಕ ಒಂದು ಟೆಂಪೊ ಬಂದು ನಿಂತಿತು. ಸೇವಂತಿಗೆ ತುಂಬಿದ ಗಂಟುಗಳ ಮೇಲೆ ಒಬ್ಬ ಹೆಂಗಸು ತಲೆತುಂಬ ಸೆರಗು ಹೊದ್ದು ನಿದ್ದೆ ಹೋಗಿದ್ದಳು. ಹೊಳಬಸಪ್ಪ ಗಾಜು ಇಳಿಸಿದರು. ತಣ್ಣನೆಯ ಗಾಳಿಯೂ ಹೂವಿನ ವಾಸನೆಯೂ ಒಳಬಂದವು. ಹಸಿರು ದೀಪ ಬಿತ್ತು. ಟೆಂಪೊ ಹೊರಟಿತು, ಆ ಹೆಂಗಸು ಎಚ್ಚರಾಗದೆ, ಹಳದಿ ಗಂಟುಗಳ ಮೇಲೆ ಮೆಲ್ಲಗೆ ತೂಗಿಕೊಂಡು ಮಂಜಿನೊಳಗೆ ಹೋದಳು.